ಒಬ್ಬರಿಗೆ ಸಾಲುವ ದೋಣಿ

ನಮ್ಮೂರಿನ ದೋಣಿಪೇಟೆಗೆ ಈಗ ಹೋದರೆ ಮೊದಲು ನಿಮ್ಮ ಕೈಗೆ ಒಂದು ಲೋಟ ತಣ್ಣನೆಯ ಪುನರ್ಪುಳಿ ಶರಬತ್ತು ಕೊಡುತ್ತಾರೆ. ಆಮೇಲೆ ಮೆತ್ತನೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಆಮೇಲೆ ಇಸ್ತ್ರಿ ಹಾಕಿದ ಬಿಳಿ ಅಂಗಿಯವನೊಬ್ಬ ಬಂದು, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ದನಿ ತಗ್ಗಿಸಿ, "ಮನೆಯಲ್ಲಿ ಹೋಗುವವರು ಯಾರು, ಅಪ್ಪನಾ ಅಮ್ಮನಾ?" ಎಂದು ಕೇಳುತ್ತಾನೆ. ಪರದೆಯ ಬಣ್ಣದ ಬಗ್ಗೆ ಹೇಳುತ್ತಾನೆ, ಹಾಸಿಗೆಯ ಬಗ್ಗೆ ಹೇಳುತ್ತಾನೆ, ಮೇಲ್ಗಡೆ ಎಷ್ಟು ಜನ ನೆಂಟರು ಕೂತು ಊಟ ಮಾಡಬಹುದು ಎಂದು ಹೇಳುತ್ತಾನೆ. ದೋಣಿಯ ಬಗ್ಗೆ ಮಾತ್ರ ಏನೂ ಹೇಳುವುದಿಲ್ಲ. ಹೇಳಲು ಅವನಿಗೆ ಗೊತ್ತಿದ್ದರೆ ತಾನೆ.

ನಮ್ಮೂರಲ್ಲಿ ಅಪ್ಪನೋ ಅಮ್ಮನೋ ತೀರಿಕೊಂಡರೆ ಮೂರನೆಯ ದಿನದ ಬೆಳಗಿನಿಂದ ಮಕ್ಕಳ ಅಂಗಾಲಿಗೆ ನೆಲ ಸುಡುತ್ತದೆ. ಮಣ್ಣು, ಕಲ್ಲು, ಸಿಮೆಂಟು, ಮಹಡಿಯ ಮೇಲಿನ ಟೈಲ್ಸು, ಎಲ್ಲ ಒಂದೇ. ಸೊಸೆಗೆ ಸುಡುವುದಿಲ್ಲ, ಅಳಿಯನಿಗೆ ಸುಡುವುದಿಲ್ಲ, ಮಕ್ಕಳಿಗೆ ಮಾತ್ರ. ಹೆಚ್ಚೆಂದರೆ ಒಂದು ವರ್ಷ. ಅದು ತಣಿಯುವವರೆಗೆ ನೀರಿನ ಮೇಲೆ ಇರಬೇಕು. ಲಂಗರು ಹಾಕಿದರೆ ಸರಪಳಿ ಹಿಡಿದು ಕಾವು ಮೇಲೆ ಹತ್ತಿ ಬರುತ್ತದೆ. ಆದ್ದರಿಂದ ಹಿಂದಿನವರು ಆಳದ ನೀರಿಗೆ ಹೋಗಿ, ಲಂಗರು ಮುಟ್ಟದೆ, ಹಾಯಿ ಬಿಚ್ಚಿ ವರ್ಷವಿಡೀ ಅಲೆಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಅಕ್ಕಿ ಮತ್ತು ಸಿಹಿನೀರು ಒಯ್ಯುವ ದೋಣಿ ಅವರನ್ನು ಹುಡುಕಿಕೊಂಡು ಹೋಗುತ್ತಿತ್ತು. ಹಾಗೆ ಹೋಗಿ ಬಂದವರ ದೋಣಿಗೆ ಊರಲ್ಲಿ ಮರ್ಯಾದೆ ಇತ್ತು.

ಈ ಇಪ್ಪತ್ತು ವರ್ಷಗಳಿಂದ ಸುಡುವುದು ಕಡಿಮೆಯಾಗಿದೆ. ಕೆಲವರಿಗೆ ಮೂರು ವಾರ, ಕೆಲವರಿಗೆ ಹತ್ತು ದಿನ, ಅದೂ ಬಿಸಿನೀರಿನ ಪಾತ್ರೆ ಇಳಿಸಿದ ಜಾಗದಷ್ಟು. ಯಾಕೆ ಎಂದು ಕೇಳಿದರೆ ಎಲ್ಲರೂ ಮೋಡ ನೋಡುತ್ತಾರೆ. ಅಷ್ಟು ಕಾವಿಗೆ ಆಳದ ನೀರು ಯಾಕೆ? ಬಂದರಿನ ಒಳಗೇ ಲಂಗರು ಹಾಕಿ ಕೂತರೆ ಸಾಕು. ಕೂತ ಮೇಲೆ ನಾಲ್ಕು ಜನರಿಗೆ ಕಾಣಬೇಕಲ್ಲ, ಅದಕ್ಕೆ ದೊಡ್ಡ ಕಿಟಕಿ, ಬಣ್ಣದ ದೀಪ. ಕಾಲು ತಣ್ಣಗಾದ ಮೇಲೂ ಇಳಿಯದೆ ಮೂರು ತಿಂಗಳು ಕೂತು, ಬಂದವರಿಗೆ ಗೋಡಂಬಿ ಹಂಚಿ, ಇಲ್ಲದ ಬೊಬ್ಬೆಗೆ ಬಟ್ಟೆ ಸುತ್ತಿ ತೋರಿಸಿದವರನ್ನು ನಾನು ಬಲ್ಲೆ. ಹೆಸರು ಹೇಳಿದರೆ ಅರ್ಧ ಊರು ನನ್ನ ಮೇಲೆ ಬರುತ್ತದೆ.

ನಾನು ವಾರಿಜಾ. ಹಾಯಿ ಹೊಲಿಯುವುದು ನನ್ನ ಕೆಲಸ. ಈಗ ಹಾಯಿ ಯಾರಿಗೂ ಬೇಡವಾದ್ದರಿಂದ ಮದುವೆ ಚಪ್ಪರದ ಟಾರ್ಪಾಲು ಹೊಲಿಯುತ್ತೇನೆ. ನನ್ನ ಅಪ್ಪ ಕಾಂತಪ್ಪ ನಲವತ್ತು ವರ್ಷ ದೋಣಿಯ ಹಲಗೆಗಳ ಸಂದಿಗೆ ಹತ್ತಿ ಮತ್ತು ರಾಳ ಬಡಿದವನು. ಅವನು ಬಡಿದ ಸಂದಿನಲ್ಲಿ ಒಂದು ಹನಿ ನೀರು ಬಂದದ್ದಿಲ್ಲ ಎಂದು ಅವನೇ ಹೇಳುತ್ತಿದ್ದ, ಬೇರೆಯವರೂ ಹೇಳುತ್ತಿದ್ದರು. ಎಪ್ಪತ್ತಾರು ದಾಟಿದ ಮೇಲೆ ಅವನ ಎದೆಯಲ್ಲಿ ಗೊರಗೊರ ಶುರುವಾಯಿತು. ನಮ್ಮಲ್ಲಿ ಮಕ್ಕಳ ದೋಣಿ ಆರಿಸುವುದು ಸಾಯುವವರ ಕೆಲಸ. ಒಂದು ಬೆಳಿಗ್ಗೆ ಇಡ್ಲಿ ತಿಂದು ಕೈ ತೊಳೆದವನೇ, "ನಡಿ ವಾರಿಜಾ, ನಿನ್ನ ದೋಣಿ ನೋಡುವ," ಎಂದ. ಮಾರ್ಕೆಟ್ಟಿಗೆ ಹೋಗಿ ಬಸಳೆ ತರುವ ಎಂಬ ಧಾಟಿಯಲ್ಲೇ ಹೇಳಿದ.

ಅಪ್ಪನ ಪರೀಕ್ಷೆ ಒಂದೇ. ದೋಣಿಯೊಳಗೆ ಇಳಿಯುತ್ತಾನೆ, ನಡುವಿನಲ್ಲಿ ನಿಲ್ಲುತ್ತಾನೆ, ಕಣ್ಣು ಮುಚ್ಚಿ ಬೀಳುತ್ತಾನೆ. ಸುಳ್ಳಲ್ಲ, ನಿಜವಾಗಿ ಬೀಳುತ್ತಾನೆ. ಬೀಳುವಾಗ ಕೈಗೆ ಏನು ಸಿಗುತ್ತದೆ ನೋಡುವುದು. ಕಡಲಲ್ಲಿ ದೋಣಿ ಮಗುಚುವುದಕ್ಕಿಂತ ಮುಂಚೆ ಮನುಷ್ಯ ದೋಣಿಯೊಳಗೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾನೆ, ಹಾಗಾಗಿ ಒಳ್ಳೆಯ ದೋಣಿ ಎಂದರೆ ಎಲ್ಲಿ ಬಿದ್ದರೂ ಹಿಡಿಯಲು ಏನಾದರೂ ಸಿಗುವ ದೋಣಿ ಎಂಬುದು ಅವನ ವಾದ. ಪೇಟೆಯ ದೊಡ್ಡ ಅಂಗಡಿಯಲ್ಲಿ, ಲೋಹಿತ ಎಂಬ ಬಿಳಿ ಅಂಗಿಯವನು ನಲವತ್ತು ಅಡಿಯ ಫೈಬರ್ ದೋಣಿ ತೋರಿಸಿದಾಗಲೂ ಅಪ್ಪ ಬಿದ್ದ. ಒಳಗೆ ಮದುವೆ ಹಾಲ್‌ನಷ್ಟು ಜಾಗ. ಹಿಡಿಯಲು ಒಂದು ಗೂಟವೂ ಇಲ್ಲ. ಒಂಬತ್ತು ಅಡಿ ಜಾರಿಕೊಂಡು ಹೋಗಿ ಗಾಜಿನ ಟೀಪಾಯಿಯ ಕಾಲ ಬುಡದಲ್ಲಿ ನಿಂತ.

"ಅಯ್ಯೋ ಅಂಕಲ್!" ಎಂದು ಲೋಹಿತ ಓಡಿ ಬಂದ.

ಅಪ್ಪ ಮಲಗಿದಲ್ಲಿಂದಲೇ ಕೇಳಿದ: "ಇದರ ಅಡಿಮರ ಎಂತದ್ದು?"

"ಅಡಿಮರ ಅಂದ್ರೆ ಅಂಕಲ್?"

"ಕೆಳಗೆ ದೋಣಿ ನೆಟ್ಟಗೆ ನಿಲ್ಲಿಸುವ ತೂಕ ಇರ್ತದಲ್ಲ ಮಾರಾಯ. ಅದು ದೋಣಿಯ ಒಟ್ಟಿಗೇ ಹುಟ್ಟಿದ್ದಾ, ಆಮೇಲೆ ಬೋಲ್ಟ್ ಹಾಕಿ ಅಂಟಿಸಿದ್ದಾ?"

"ಅದೆಲ್ಲ ಕಂಪೆನಿಯವರು ನೋಡಿಕೊಳ್ತಾರೆ. ನಮ್ಮಲ್ಲಿ ಐಸ್ ಪೆಟ್ಟಿಗೆ ಫ್ರೀ ಉಂಟು."

"ಹಾಯಿ ಬಿಚ್ಚಿದ್ರೆ ಇದು ಹೋಗ್ತದಾ?"

ಲೋಹಿತ ನಕ್ಕ. "ಈಗ ಯಾರು ಅಂಕಲ್ ಹಾಯಿ ಬಿಚ್ಚುವುದು? ಅದು ಅಲಂಕಾರಕ್ಕೆ."

ಅಪ್ಪ ಎದ್ದು, ಪಂಚೆ ಕೊಡವಿ, ಬೆರಳ ಗಂಟಿನಿಂದ ಗೋಡೆ ತಟ್ಟಿದ. ಬಿಸ್ಕತ್ತಿನ ಖಾಲಿ ಡಬ್ಬಿಯ ಸದ್ದು. "ಕೊಟ್ಟ ಶರಬತ್ತು ಚೆನ್ನಾಗಿತ್ತು," ಎಂದು ಹೊರಗೆ ನಡೆದ. ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡೆ.

ಅದೇ ಮಾದರಿಯ ದೋಣಿಯನ್ನು ನನ್ನ ಅಣ್ಣ ಜಯಕರ ಆಗಲೇ ಕೊಂಡಿದ್ದ. ಅಪ್ಪನನ್ನು ಕೇಳದೆ, ಹೆಂಡತಿ ಪ್ರಮೀಳಾಳ ಜೊತೆ ಹೋಗಿ, ಪರದೆಗೆ ಸೋಫಾ ಹೊಂದುತ್ತದೋ ನೋಡಿ ಕೊಂಡದ್ದು. ಅದರ ಮೂತಿಯ ಮೇಲೆ ಬಂಗಾರದ ಅಕ್ಷರದಲ್ಲಿ 'ಅಪ್ಪನ ನೆನಪು' ಎಂದು ಬರೆಸಿದ್ದ. ಅಪ್ಪ ಇನ್ನೂ ದಿನಕ್ಕೆ ಆರು ಇಡ್ಲಿ ತಿನ್ನುತ್ತಿದ್ದಾಗಲೇ! ಅವನಿಗೂ ಅಪ್ಪನಿಗೂ ಎರಡೂವರೆ ವರ್ಷದಿಂದ ಮಾತಿರಲಿಲ್ಲ. ಜಯಕರನ ಹೊಸ ಮನೆಯ ಒಕ್ಕಲಿನ ದಿನ, ಬಂದ ಇನ್ನೂರು ಜನರ ಎದುರು ಅಪ್ಪ ಸುತ್ತು ಮೆಟ್ಟಿಲು ನೋಡಿ, "ಇದರಲ್ಲಿ ಹೆಣ ಇಳಿಸಲಿಕ್ಕೆ ಆಗುವುದಿಲ್ಲ," ಎಂದಿದ್ದ. ಮಾತು ಸರಿಯೇ, ನಾನೂ ಅಳೆದು ನೋಡಿದ್ದೇನೆ. ಜಯಕರ ಎಲೆಯ ಮುಂದಿನಿಂದ ಎದ್ದು ಹೋದವನು ಮತ್ತೆ ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಟೈಲ್ಸ್ ಅಂಗಡಿ ಇಟ್ಟುಕೊಂಡವನ ಗತ್ತು ನೋಡುವ ಕೆಲಸ ಒಂದು ತಪ್ಪಿತು.

ನಿಜವಾದ ದೋಣಿಗಳು ಈಗ ಇರುವುದು ಅಳಿವೆಯ ಆಚೆ, ಬೀಪಾತುಮ್ಮನ ಅಂಗಳದಲ್ಲಿ. ಯಾರಿಗೂ ಬೇಡವಾದ ಮರದ ದೋಣಿಗಳನ್ನು ಆ ಮುದುಕಿ ಎಳೆದು ತಂದು, ತೆಂಗಿನ ಗರಿ ಹೊದೆಸಿ ಇಟ್ಟಿದ್ದಾಳೆ. ಕೊಳ್ಳಲು ಬಂದವರನ್ನು ಬೈಯುವುದು ಅವಳ ಪದ್ಧತಿ. ಹೆಚ್ಚಿನವರು ಬರುವುದು ಹಳೆಯ ತೇಗದ ಹಲಗೆ ಕಿತ್ತು ಮನೆಗೆ ಬಾರ್ ಮಾಡಿಸಲಿಕ್ಕೆ. ಅಪ್ಪನನ್ನು ಕಂಡು ಮಾತ್ರ ಅವಳು ಎದ್ದು ನಿಂತಳು.

"ಕಾಂತಪ್ಪ, ನಿನಗೂ ಬಂತಾ ಹೊತ್ತು?"

"ಬರದೆ ಎಂತ. ಇವಳಿಗೆ ಒಂದು ತೋರಿಸು. ವರ್ಷ ಪೂರ್ತಿ ತಡೆಯಬೇಕು."

"ವರ್ಷ ಈಗ ಯಾರಿಗೆ ಸುಡ್ತದೆ ಮಾರಾಯ?"

"ಇವಳಿಗೆ ಸುಡ್ತದೆ," ಎಂದ ಅಪ್ಪ.

ಆ ಮಾತು ಕೇಳಿ ನಾನು ಎಷ್ಟು ಉಬ್ಬಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಹನ್ನೊಂದು ವರ್ಷ ಅವನಿಗೆ ಗಂಜಿ ಕಾಯಿಸಿದವಳು ನಾನು, ಬೆನ್ನಿಗೆ ಎಣ್ಣೆ ತಿಕ್ಕಿದವಳು ನಾನು, ಅವನ ಕೆಮ್ಮಿನಲ್ಲಿ ಯಾವುದು ನಿಜ ಯಾವುದು ನಾಟಕ ಎಂದು ಬಲ್ಲವಳು ನಾನು. ಊರಿನ ಸುಳ್ಳು ಬೊಬ್ಬೆಯವರೆಲ್ಲ ನೋಡುವಂತೆ, ಮುನ್ನೂರ ಅರವತ್ತೈದು ದಿನವೂ ಸುಡಿಸಿಕೊಂಡು ಬರುವವಳು ನಾನೇ ಎಂದು ನನಗೆ ಅನುಮಾನವೇ ಇರಲಿಲ್ಲ. ಆಳದ ನೀರಿನಲ್ಲಿ ಒಂದು ವರ್ಷ, ಒಬ್ಬಳೇ. ದೋಣಿ ಸರಿಯಿಲ್ಲದಿದ್ದರೆ ವಾಪಸು ಬರುವುದಿಲ್ಲ, ಅಷ್ಟೆ. ಹಾಗಾಗಿ ಅಪ್ಪ ಒಂದೊಂದರಲ್ಲೂ ಬೀಳುವಾಗ ನಾನು ಉಸಿರು ಹಿಡಿದು ನೋಡುತ್ತಿದ್ದೆ.

ಮೊದಲನೆಯದು ನೋಡಲು ಚಂದ, ಉದ್ದ ಮೂಗು, ಹಿತ್ತಾಳೆಯ ಬಳೆಗಳು. ಅಪ್ಪ ಒಳಗೆ ಹೋಗಿ ಒಲೆಯ ಮುಂದೆ ನಿಂತು ಎರಡೂ ಕೈಯಲ್ಲಿ ಪಾತ್ರೆ ಹಿಡಿದಂತೆ ಮಾಡಿ, "ದೋಣಿ ಅಲುಗಾಡಿಸಿ," ಎಂದ. ನಾನೂ ಬೀಪಾತುಮ್ಮನೂ ಹೊರಗಿನಿಂದ ಅಲುಗಾಡಿಸಿದೆವು. ಬೆನ್ನಿಗೆ ಆಧಾರವಿಲ್ಲದೆ ಅವನು ಒಲೆಯ ಮೇಲೆಯೇ ಬಿದ್ದ. "ಇದರಲ್ಲಿ ಇವಳು ಗಂಜಿಯಲ್ಲಿ ಬೆಂದು ಸಾಯ್ತಾಳೆ," ಎಂದು ತಳ್ಳಿಹಾಕಿದ. ಎರಡನೆಯದರ ಚುಕ್ಕಾಣಿ ಬಯಲಿಗೆ ನೇತಾಡುತ್ತಿತ್ತು, ಒಂದು ಮರದ ದಿಮ್ಮಿ ಬಡಿದರೆ ಮುಗಿಯಿತು. ಐದನೆಯದು ಇಪ್ಪತ್ತಾರು ಅಡಿಯ ಗಿಡ್ಡ ದೋಣಿ. ಕುಂಬಳಕಾಯಿಯ ಹಾಗೆ ಹೊಟ್ಟೆ ಉಬ್ಬಿಸಿಕೊಂಡು, ಅಂಗೈಯಗಲದ ನಾಲ್ಕು ಕಿಟಕಿ ಇಟ್ಟುಕೊಂಡು, ನೋಡಿದರೆ ನಗು ಬರುವಂತಿತ್ತು. ಅಡಿಮರ ಮೂತಿಯಿಂದ ಬಾಲದವರೆಗೆ ಒಂದೇ ಉದ್ದಕ್ಕೆ ಹರಿದು ಚುಕ್ಕಾಣಿಯನ್ನು ಹಿಂದೆ ಅಡಗಿಸಿಕೊಂಡಿತ್ತು. ಅಪ್ಪ ಒಳಗೆ ಏಳು ಸಲ ಬಿದ್ದ. ಏಳು ಸಲವೂ ಕೈಗೆ ಏನೋ ಒಂದು ಸಿಕ್ಕಿತು. ಕೊನೆಗೆ ಮಲಗುವ ಹಲಗೆಯ ಮೇಲೆ ಹೋಗಿ ಮಲಗಿದ. ಶವಪೆಟ್ಟಿಗೆಯಷ್ಟು ಅಗಲ, ಎರಡು ಬದಿಗೂ ತಡೆಹಲಗೆ.

"ಇಬ್ಬರು ಹಿಡಿಯುವುದಿಲ್ಲ," ಎಂದಳು ಬೀಪಾತುಮ್ಮ. "ನೀರಿನ ತೊಟ್ಟಿಯೂ ಒಬ್ಬರಿಗೆ ಸಾಲುವಷ್ಟೇ."

"ಸುಡುವುದು ಒಬ್ಬೊಬ್ಬರಿಗೇ ಅಲ್ವಾ?" ಎಂದ ಅಪ್ಪ ಕಣ್ಣು ಮುಚ್ಚಿಕೊಂಡೇ.

ಆಮೇಲಿನ ನಾಲ್ಕು ತಿಂಗಳು ನಾವು ಅವಳ ಅಂಗಳದಲ್ಲೇ ಇದ್ದೆವು ಎನ್ನಬೇಕು. ಅಪ್ಪ ಹಳೆಯ ಹತ್ತಿ ಕಿತ್ತು ಹೊಸದು ಬಡಿದ. ನಾನು ದಪ್ಪ ಬಟ್ಟೆಯಲ್ಲಿ ಹಾಯಿ ಹೊಲಿದೆ. ಅವನು ಹೊಲಿಗೆ ಮೂರು ಸಾಲು ಬೇಕೆಂದ, ನಾನು ಎರಡು ಸಾಕೆಂದೆ, ಅವನು ನನ್ನನ್ನು ಕತ್ತೆ ಎಂದ, ನಾನು ಅವನನ್ನು ಮುದಿಗೂಬೆ ಎಂದೆ. ಹಾಯಿ ಕಿರಿದು ಮಾಡುವುದು, ಗಾಳಿ ಜಾಸ್ತಿಯಾದಾಗ ದೋಣಿಯನ್ನು ಅಲೆಗೆ ಓರೆಯಾಗಿ ಮಲಗಿಸಿ ನಿದ್ದೆ ಮಾಡುವುದು, ಎಲ್ಲ ಮತ್ತೊಮ್ಮೆ ಹೇಳಿಕೊಟ್ಟ. ಚಿಕ್ಕಂದಿನಲ್ಲಿ ನನಗೂ ಜಯಕರನಿಗೂ ಒಟ್ಟಿಗೇ ಕಲಿಸಿದ್ದ, ಜಯಕರ ನನಗಿಂತ ಚುರುಕಾಗಿದ್ದ ಎಂಬುದನ್ನು ಒಪ್ಪಬೇಕು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಯಾರೊಂದಿಗೂ ಜಗಳವಾಡಿಲ್ಲ.

ಒಮ್ಮೆ ಮಾತ್ರ ಉಳಿ ಕೆಳಗಿಟ್ಟು ಅಪ್ಪ ಕೇಳಿದ: "ಅವನ ದೋಣಿಯ ಚುಕ್ಕಾಣಿ ಗಟ್ಟಿ ಉಂಟಾ?"

"ಯಾರದ್ದು? ಜಯಕರಂದಾ? ಅವನಿಗೆ ಎಂಟು ದಿನ ಸುಟ್ರೆ ಹೆಚ್ಚು. ಸೋಫಾದಲ್ಲಿ ಕೂತು ಹುರಿಗಡಲೆ ತಿಂದು ಇಳಿದು ಬರ್ತಾನೆ," ಎಂದೆ. ಅಪ್ಪ ನಗಲಿಲ್ಲ. ಹೋಗಿ ಹೇಳಿ ಬಾ ಎಂದೂ ಹೇಳಲಿಲ್ಲ. ಅವನಿಗೂ ಸೊಕ್ಕು ಏನು ಕಡಿಮೆಯದ್ದಲ್ಲ.

ಅಪ್ಪ ಸತ್ತದ್ದು ಒಂದು ಗುರುವಾರ ಮಧ್ಯಾಹ್ನ, ಊಟ ಮುಗಿಸಿ, ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಹೇಳಿದ ಮೇಲೆ. ಜಯಕರ ಬಂದ. ಕಟ್ಟಿಗೆಗೆ ಬೆಂಕಿ ಇಟ್ಟ. ಒಂದು ಮಾತಾಡಲಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಮನಸ್ಸಿನಲ್ಲೇ ಎಂಟು ದಿನವನ್ನು ಐದಕ್ಕೆ ಇಳಿಸಿದೆ.

ಮೂರನೆಯ ದಿನ ಬೆಳಿಗ್ಗೆ ಮಕ್ಕಳು ಬಂದರಿನ ಕಲ್ಲುಕಟ್ಟೆಯ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ನೋಡಲು ಊರು ಸೇರುತ್ತದೆ. ಯಾರು ಎಷ್ಟು ಬೇಗ ಕಾಲೆತ್ತಿದರು, ಎಷ್ಟು ಕೂಗಿದರು ಎಂಬುದು ಮುಂದೆ ನಾಲ್ಕು ವರ್ಷ ಹರಟೆಗೆ ಬೇಕಾಗುತ್ತದೆ. ನನ್ನ ಗಿಡ್ಡ ದೋಣಿಯೂ ಜಯಕರನ ಬಂಗಾರದಕ್ಷರದ್ದೂ ಕಟ್ಟೆಯ ಎರಡು ಬದಿಗೆ ನಿಂತಿದ್ದವು. ಬಿಸಿಲು ಕಲ್ಲಿಗೆ ತಾಗಿತು. ಜಯಕರ ಕೂಗಿದ. ಅಂಥ ಕೂಗು ನಾನು ಕೇಳಿರಲಿಲ್ಲ. ಕುಣಿಯುತ್ತ ಹೋಗಿ ದೋಣಿಯೊಳಗೆ ಬಿದ್ದ. ಅವನು ನಿಂತಿದ್ದ ಕಲ್ಲಿನ ಮೇಲೆ ಅಂಗಾಲಿನ ತೊಗಲು ಅಂಟಿಕೊಂಡಿತ್ತು.

ನನ್ನ ಕಾಲ ಕೆಳಗಿನ ಕಲ್ಲು ತಣ್ಣಗಿತ್ತು.

ನಾನು ಕಾದೆ. ಈಗ ಬರುತ್ತದೆ ಎಂದುಕೊಂಡೆ. ಹಿಮ್ಮಡಿ ಒತ್ತಿ ನೋಡಿದೆ, ಬೆರಳು ಒತ್ತಿ ನೋಡಿದೆ. ಬೆಳಗಿನ ಕಲ್ಲು ಇರಬೇಕಾದ ಹಾಗೆ ಇತ್ತು. ಎದುರಿಗೆ ಮುನ್ನೂರು ಕಣ್ಣು. ಗೋಡಂಬಿ ಹಂಚಿದವರು, ಸುಳ್ಳು ಬಟ್ಟೆ ಸುತ್ತಿದವರು, ನಾನು ಇಷ್ಟು ವರ್ಷ ಮುಖದೆದುರೇ ಗೇಲಿ ಮಾಡಿದವರು. ಅವರೆದುರು ನಾನು ಒಂದು ಕಾಲೆತ್ತಿದೆ. ಆಮೇಲೆ ಇನ್ನೊಂದು. ಆಮೇಲೆ "ಅಯ್ಯಯ್ಯೋ" ಎಂದು ಕೂಗಿ, ನಾಟಕದ ಹೆಂಗಸಿನ ಹಾಗೆ ಕುಣಿದು, ಅಪ್ಪ ಆರಿಸಿದ ದೋಣಿಗೆ ಹಾರಿದೆ. "ಪಾಪ, ಅಪ್ಪನನ್ನು ಅಷ್ಟು ಹಚ್ಚಿಕೊಂಡಿದ್ದಳು," ಎಂದು ಯಾರೋ ಹೇಳಿದ್ದು ಕೇಳಿಸಿತು.

ಬಂದರಿನ ಬಾಯಿಯ ಹತ್ತಿರ ಹೋಗಿ ಲಂಗರು ಹಾಕಿದೆ. ಹಾಕಿ, ಸರಪಳಿಯನ್ನು ಎರಡೂ ಕೈಯಿಂದ ಹಿಡಿದು ಕೂತೆ. ಮಧ್ಯಾಹ್ನದವರೆಗೆ ಹಿಡಿದಿದ್ದೆ. ಕಬ್ಬಿಣ ತಣ್ಣಗೆ, ಪಾಚಿಯಿಂದ ಜಾರುತ್ತಿತ್ತು. ಅಪ್ಪನ ಮೇಲೆ ನನಗೆ ಕೋಪ ಬಂತು. ಇಷ್ಟು ಮಾಡಿದವಳಿಗೆ ಎಂಟು ದಿನವೂ ಇಲ್ಲವಾ? ಒಂದು ದಿನ? ಒಂದು ಸಣ್ಣ ಬಿಸಿ? ನಾನು ಅವನನ್ನು ಪ್ರೀತಿಸಲೇ ಇಲ್ಲವೇನೋ, ಬರೀ ಜಂಬಕ್ಕೆ ನೋಡಿಕೊಂಡೆನೇನೋ ಎಂಬ ಹೆದರಿಕೆ ಹುಟ್ಟಿತು. ಅದಕ್ಕೆ ಉತ್ತರ ಹೇಳುವವನು ಬೂದಿಯಾಗಿದ್ದ.

ಮಾರನೆಯ ದಿನ ಹತ್ತು ಗಂಟೆಗೆ ಪ್ರಮೀಳಾ ಕಟ್ಟೆಯ ಮೇಲೆ ನಿಂತು ಬೊಬ್ಬೆ ಹಾಕತೊಡಗಿದಳು. ನೋಡಿದರೆ ಬಂದರಿನೊಳಗೆ ಲಂಗರು ಹಾಕಿದ್ದ ಜಯಕರನ ದೋಣಿ ಅಲ್ಲಿರಲಿಲ್ಲ. ಸರಪಳಿ ಕಾದು ಮುಟ್ಟಲಾಗದೆ ಅದನ್ನು ಹಾಗೆಯೇ ಕಡಲಿಗೆ ಬಿಟ್ಟುಬಿಟ್ಟಿದ್ದ. ಅಲಂಕಾರದ ಹಾಯಿ ಎತ್ತಿದ್ದ, ಅದು ಮೊದಲ ಗಾಳಿಗೇ ಮೇಲಿಂದ ಕೆಳಗೆ ಹರಿದಿತ್ತು. ತಳ ಚಪ್ಪಟೆಯಾದ ದೋಣಿ ಬಾಳೆಎಲೆಯ ಹಾಗೆ ಅಡ್ಡಡ್ಡ ಜಾರಿ ಮರಳದಿಬ್ಬದ ಕಡೆ ಹೋಗುತ್ತಿತ್ತು. ದಿಬ್ಬಕ್ಕೆ ತಾಗಿದರೆ ಅದೂ ನೆಲವೇ. ನಾನು ಲಂಗರು ಎಳೆದು, ಹಾಯಿ ಬಿಚ್ಚಿದೆ. ಗಿಡ್ಡ ದೋಣಿ ಅವಸರವಿಲ್ಲದೆ, ಆದರೆ ನೇರವಾಗಿ ಹೋಯಿತು.

ಜಯಕರ ಸೋಫಾದ ಮೇಲೆ ನಿಂತಿದ್ದ. ಎರಡೂ ಕಾಲು ಆ ಫ್ರೀ ಐಸ್ ಪೆಟ್ಟಿಗೆಯೊಳಗೆ. ಬೇರೆ ದಿನವಾದರೆ ನಾನು ನಕ್ಕು ಸಾಯುತ್ತಿದ್ದೆ. ಐಸೆಲ್ಲ ಕರಗಿ ನೀರು ಕೆಂಪಾಗಿತ್ತು.

"ನಿನಗೂ ಹೀಗೇ ಉಂಟಾ?" ಎಂದು ಕೇಳಿದ. ಎರಡೂವರೆ ವರ್ಷಗಳ ನಂತರದ ಅವನ ಮೊದಲ ಮಾತು.

ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಬಾ, ಈ ದೋಣಿಗೆ ಹತ್ತು," ಎಂದೆ.

ಅವನು ಮೊಣಕಾಲಲ್ಲಿ ತೆವಳಿ ನನ್ನ ದೋಣಿಗೆ ಬಂದ. ಒಳಗೆ ಇಳಿಯುವಾಗ ಅಲೆ ಹೊಡೆದು ಆಯ ತಪ್ಪಿತು, ಬೀಳುತ್ತ ಕೈ ಚಾಚಿದ, ಮರದ ಹಿಡಿಕೆ ಸಿಕ್ಕಿತು. ಅದನ್ನು ಹಿಡಿದೇ ಕೂತ. ಸಂದುಗಳ ಮೇಲೆ ಬೆರಳು ಆಡಿಸಿದ.

"ಇದು ಅಪ್ಪ ಬಡಿದದ್ದಲ್ವಾ?"

"ಹೌದು."

"ನನ್ನ ಬಗ್ಗೆ ಎಂತಾದ್ರೂ ಹೇಳಿದ್ನಾ?"

"ನಿನ್ನ ಚುಕ್ಕಾಣಿ ಗಟ್ಟಿ ಉಂಟಾ ಅಂತ ಕೇಳಿದ."

ಆಗ ಅವನು ಅತ್ತ. ಐವತ್ತು ವರ್ಷದ ಗಂಡಸು, ಟೈಲ್ಸ್ ಅಂಗಡಿಯ ಯಜಮಾನ, ಶವಪೆಟ್ಟಿಗೆಯಗಲದ ಹಲಗೆಯಲ್ಲಿ ಮುಖ ಹುದುಗಿಸಿ ಅತ್ತ. ಚುಕ್ಕಾಣಿ ಹಿಡಿದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಈ ದೋಣಿ ವರ್ಷ ಪೂರ್ತಿ ಬೇಕಾದವರಿಗೆ ಎಂದು ಮಾಡಿದ್ದು. ನಾನು ಇದರಲ್ಲಿ ಕೂತು ನಾಟಕವಾಡಿದರೆ ಇವನು ಫೈಬರ್ ಡಬ್ಬಿಯಲ್ಲಿ ಸಾಯುತ್ತಾನೆ. ಮರ್ಯಾದೆ ನನ್ನದು, ಪ್ರಾಣ ಅವನದು. ಇಷ್ಟು ಸಣ್ಣ ಲೆಕ್ಕಕ್ಕೆ ನಾನು ಬಂದರು ಮುಟ್ಟುವವರೆಗೂ ಒದ್ದಾಡಿದೆ ಎಂದರೆ ನಾನೆಂಥವಳು ಎಂದು ನೀವೇ ತಿಳಿಯಿರಿ.

"ಹಾಯಿ ಕಿರಿದು ಮಾಡುವುದು ನೆನಪುಂಟಾ?" ಎಂದು ಕೇಳಿದೆ.

"ಉಂಟು. ಯಾಕೆ?"

"ಅಕ್ಕಿ ಎಡಗಡೆ ಪೆಟ್ಟಿಗೆಯಲ್ಲಿ ಉಂಟು. ಗಾಳಿ ಜಾಸ್ತಿಯಾದ್ರೆ ಅಲೆಗೆ ಓರೆ ಮಲಗಿಸು, ಅದೇ ನೋಡಿಕೊಳ್ತದೆ. ನೀರು ಒಬ್ಬರಿಗೆ ಸಾಲುವಷ್ಟೇ."

"ಮತ್ತೆ ನೀನು?"

"ನಾನು ಮನೆಗೆ ಹೋಗ್ತೇನೆ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನನ್ನ ಕಾಲು ನೋಡಿದ. ಬೊಬ್ಬೆ ಇಲ್ಲ, ಕೆಂಪಿಲ್ಲ, ಏನೂ ಇಲ್ಲ. ಅವನು ಏನಾದರೂ ಅಂದಿದ್ದರೆ ನಾನು ಜಗಳವಾಡಬಹುದಿತ್ತು. ಅವನು ತೆವಳಿ ಹೋಗಿ ಎಡಗಡೆಯ ಪೆಟ್ಟಿಗೆ ತೆರೆದು ಅಕ್ಕಿ ನೋಡಿದ.

ಕಟ್ಟೆಗೆ ತಾಗಿಸಿ ಹಗ್ಗ ಸುತ್ತಿದೆವು. ಪ್ರಮೀಳಾಳ ಬೊಬ್ಬೆಗೆ ಆಗಲೇ ಊರು ನೆರೆದಿತ್ತು. ಲೋಹಿತನೂ ಇದ್ದ, ಅದೇ ಬಿಳಿ ಅಂಗಿ. ನಾನು ಕಲ್ಲಿನ ಮೇಲೆ ಇಳಿದೆ. ಎರಡೂ ಕಾಲು ಊರಿ ನಿಂತೆ. "ಇವಳಿಗೆ ಸುಡಲೇ ಇಲ್ಲ," ಎಂದು ಹಿಂದಿನಿಂದ ಒಬ್ಬಳು ಅಂದಳು, ಎಲ್ಲರ ಕಣ್ಣೂ ನನ್ನ ಪಾದಕ್ಕೆ ಇಳಿಯಿತು. ನೋಡಲಿ ಎಂದು ಸೀರೆಯ ನೆರಿಗೆಯನ್ನು ಇನ್ನೊಂದು ಗೇಣು ಮೇಲೆತ್ತಿ ಸಿಕ್ಕಿಸಿಕೊಂಡೆ. ಆಮೇಲೆ ಬಗ್ಗಿ, ನಿಧಾನವಾಗಿ, ಅಣ್ಣನ ಹಗ್ಗ ಬಿಚ್ಚಿದೆ.